ಸವೆದ ಕೀಲಿಗೆ ಹೊಸ ಹೊದಿಕೆ

ಶಾಲೆಯಲ್ಲಿ ಕನ್ನಡ ವ್ಯಾಕರಣವನ್ನು ಓದಿದವರೆಲ್ಲರಿಗೂ ಸಂಧಿಯೆಂಬ ಮಾತು ನೆನಪಿರುತ್ತದೆ. ಎರಡು ಅಕ್ಷರಗಳು ಕೂಡುವ ಎಡೆಗೆ ಸಂಧಿಯೆಂದು ಹೆಸರು. ದೇಹದಲ್ಲಿ ಎರಡು ಮೂಳೆಗಳು ಕೂಡುವ ಎಡೆಗೂ ಅದೇ ಹೆಸರು. ಮನೆಮಾತಿನಲ್ಲಿ ನಾವು ಅದನ್ನು ಕೀಲು ಎನ್ನುತ್ತೇವೆ. ವ್ಯಾಕರಣದ ಸಂಧಿಯಲ್ಲಿ ಮೂರು ಬಗೆಯ ಕಾರ್ಯಗಳು ನಡೆಯುತ್ತವೆ. ಇದ್ದ ಅಕ್ಷರ ಅಳಿದುಹೋದರೆ ಲೋಪ, ಇಲ್ಲದ ಅಕ್ಷರ ಬಂದು ಸೇರಿದರೆ ಆಗಮ, ಒಂದರ ಸ್ಥಾನಕ್ಕೆ ಮತ್ತೊಂದು ಬಂದು ನಿಂತರೆ ಆದೇಶ. ಮಳೆ, ಕಾಲ ಎಂಬೆರಡು ಪದಗಳು ಕೂಡಿ ಮಳೆಗಾಲವಾದಾಗ ಕಕಾರ ಹೋಗಿ ಗಕಾರ ಬಂತು; ಅರ್ಥ ಕೆಡಲಿಲ್ಲ, ಮಾತು ಸರಾಗವಾಯಿತು.

ಮಂಡಿಯ ಕೀಲಿನಲ್ಲಿಯೂ ಈ ಮೂರೂ ನಡೆಯುವುದುಂಟು. ಮೂಳೆಯ ತುದಿಯಲ್ಲಿರುವ ನುಣುಪಾದ ಹೊದಿಕೆ ಸವೆದುಹೋಗುವುದು ಲೋಪ. ಸವೆದ ಅಂಚಿನಲ್ಲಿ ಬೇಡದ ಮೂಳೆಯ ಮುಳ್ಳುಗಳು ಬೆಳೆಯುವುದು ಆಗಮ. ಇವೆರಡೂ ತಾವಾಗಿಯೇ ಆಗುವಂಥವು. ಮೂರನೆಯದಾದ ಆದೇಶವನ್ನು ಮಾತ್ರ ಶಸ್ತ್ರವೈದ್ಯರೇ ಮಾಡಬೇಕು. ಸವೆದುದನ್ನು ತೆಗೆದು, ಆ ಸ್ಥಾನದಲ್ಲಿ ಲೋಹದ ಮತ್ತು ಪ್ಲಾಸ್ಟಿಕ್ಕಿನ ಹೊದಿಕೆಯನ್ನು ಕೂರಿಸುವ ಈ ಕೆಲಸಕ್ಕೆ ಕೀಲು ಬದಲಾವಣೆಯ ಶಸ್ತ್ರಚಿಕಿತ್ಸೆ ಎಂಬ ಹೆಸರು ಬಿದ್ದಿದೆ.

ಆ ಹೆಸರೇ ನಮ್ಮ ಕಡೆಯ ಅನೇಕರನ್ನು ಹೆದರಿಸಿದೆ. ಮಂಡಿ ಬದಲಾಯಿಸುವುದೆಂದರೆ ಕಾಲನ್ನು ಕತ್ತರಿಸಿ, ಇಡೀ ಮಂಡಿಯನ್ನು ಹೊರಗೆಸೆದು, ಕಬ್ಬಿಣದ ಮಂಡಿಯೊಂದನ್ನು ಬಿಗಿಯುವುದೆಂದು ತಿಳಿದವರು ಎಷ್ಟೋ ಮಂದಿ. ಹೊನ್ನವಳ್ಳಿ, ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ಈ ತೆಂಗಿನ ಸೀಮೆಯಲ್ಲಿ ಮಂಡಿನೋವಿಲ್ಲದ ಮನೆ ಸಿಗುವುದು ಕಷ್ಟ. ನೆಟ್ಟ ಹಾರೆಗೆ ಕಾಯಿ ಕುಕ್ಕಿ ಸುಲಿದವರು, ಕುಕ್ಕರುಗಾಲಿನಲ್ಲಿ ಕುಳಿತು ಕರಟ ಬಿಡಿಸಿ ಕೊಬ್ಬರಿ ತೆಗೆದವರು, ತಲೆಯ ಮೇಲೆ ಮೂಟೆ ಹೊತ್ತು ಅಟ್ಟ ಹತ್ತಿದವರು, ನೀರು ಸೇದಿದವರು, ಕಸ ಗುಡಿಸಿದವರು ಐವತ್ತು ಅರವತ್ತು ದಾಟುವ ವೇಳೆಗೆ ಮಂಡಿ ಹಿಡಿದುಕೊಂಡೇ ಏಳುತ್ತಾರೆ. ಅವರಲ್ಲಿ ಹೆಚ್ಚಿನವರು, ಹೆಂಗಸರಂತೂ, "ವಯಸ್ಸಾಯಿತಲ್ಲ, ಇನ್ನೇನು" ಎಂದು ಸುಮ್ಮನಾಗಿಬಿಡುತ್ತಾರೆ. ಮೊದಲು ತೋಟಕ್ಕೆ ಹೋಗುವುದು ನಿಲ್ಲುತ್ತದೆ. ಆಮೇಲೆ ಜಾತ್ರೆ, ನೆಂಟರ ಮನೆ. ಕೊನೆಗೆ ಬೀದಿಯ ಬಾಗಿಲು. ಇದು ಒಂದು ತುದಿ. ಇನ್ನೊಂದು ತುದಿಯಲ್ಲಿ, ನೋವು ಬಂದ ಆರು ತಿಂಗಳಿಗೇ ಸಾಲ ಮಾಡಿ ಶಸ್ತ್ರಚಿಕಿತ್ಸೆಗೆ ಓಡುವವರೂ ಇದ್ದಾರೆ. ಬೇಕಾದವರು ಹೆದರಿ ಕೂರಬಾರದು, ಬೇಡದವರು ಅವಸರಪಡಬಾರದು. ಈ ಎರಡು ಮಾತುಗಳ ನಡುವಿನ ವಿವೇಕವನ್ನು ಓದುಗರ ಮುಂದಿಡುವುದೇ ಈ ಲೇಖನದ ಉದ್ದೇಶ.

ಕೀಲಿನ ರಚನೆಯನ್ನು ತಿಳಿಯಲು ನಮ್ಮ ತೆಂಗಿನಕಾಯಿಯೇ ಸಾಕು. ಗಟ್ಟಿಯಾದ ಕರಟದ ಒಳಮೈಗೆ ಬಿಳಿಯ ನುಣುಪಾದ ತಿರುಳು ಅಂಟಿಕೊಂಡಿರುವಂತೆ, ಗಟ್ಟಿಯಾದ ಮೂಳೆಯ ತುದಿಗೆ ಕೆಲವೇ ಮಿಲಿಮೀಟರ್ ದಪ್ಪದ ಬಿಳಿಯ ಪದರವೊಂದು ಅಂಟಿಕೊಂಡಿರುತ್ತದೆ. ಇದಕ್ಕೆ ಮೃದ್ವಸ್ಥಿಯೆಂದು ಹೆಸರು. ಮಂಡಿಯಲ್ಲಿ ತೊಡೆಯ ಮೂಳೆಯ ಕೆಳತುದಿಯೂ ಕಾಲಿನ ಮೂಳೆಯ ಮೇಲ್ತುದಿಯೂ ಇಂಥ ಹೊದಿಕೆಯ ಮೇಲೆಯೇ ಒಂದರ ಮೇಲೊಂದು ಜಾರುತ್ತವೆ. ಗಾಡಿಯ ಅಚ್ಚಿಗೆ ಕೀಲೆಣ್ಣೆಯಿರುವಂತೆ ಇವುಗಳ ನಡುವೆಯೂ ಒಂದು ಜಿಗುಟಾದ ದ್ರವವಿರುತ್ತದೆ. ತೊಡೆಯ ಬುಡದ ಕೀಲಿನ ರಚನೆ ಬೇರೆ ಬಗೆಯದು. ಅಟ್ಟದಲ್ಲಿ ತಿಂಗಳುಗಟ್ಟಲೆ ಒಣಗಿದ ಉಂಡೆಕೊಬ್ಬರಿ ಕರಟದೊಳಗೆ ಹೇಗೆ ಉರುಳುತ್ತದೆಯೋ ಹಾಗೆ ಅಲ್ಲಿ ತೊಡೆಮೂಳೆಯ ದುಂಡು ತಲೆ ಒಂದು ಬಟ್ಟಲಿನೊಳಗೆ ಎಲ್ಲ ದಿಕ್ಕಿಗೂ ತಿರುಗುತ್ತದೆ.

ಮೃದ್ವಸ್ಥಿಯ ಒಂದು ಗುಣವನ್ನು ಮರೆಯಬಾರದು. ಅದಕ್ಕೆ ರಕ್ತನಾಳಗಳಿಲ್ಲ, ನರಗಳೂ ಇಲ್ಲ. ನರವಿಲ್ಲದ ಕಾರಣ ಸವೆಯುವಾಗ ಅದು ಕೂಗುವುದಿಲ್ಲ. ರಕ್ತವಿಲ್ಲದ ಕಾರಣ ಸವೆದಮೇಲೆ ಚರ್ಮದಂತೆ ಮತ್ತೆ ಬೆಳೆಯುವುದೂ ಇಲ್ಲ. ಸುತ್ತಲಿನ ಭಾಗಗಳು ಊದಿಕೊಂಡಾಗ, ಮೂಳೆಗೆ ಮೂಳೆ ಉಜ್ಜತೊಡಗಿದಾಗ ನಮಗೆ ನೋವು ತಿಳಿಯುತ್ತದೆ. ಹೋದ ಹೊದಿಕೆಯನ್ನು ಮರಳಿ ಬೆಳೆಸುತ್ತೇವೆಂದು ಹೇಳಿ ಮಾರುವ ಪುಡಿ, ತೈಲ, ಗುಳಿಗೆಗಳ ಮಾತನ್ನು ಈ ಹಿನ್ನೆಲೆಯಲ್ಲಿ ತೂಗಿ ನೋಡಬೇಕು. ಎಣ್ಣೆ ತಿಕ್ಕಿ ಬಿಸಿನೀರು ಹಾಕಿದರೆ ಸ್ನಾಯು ಸಡಿಲವಾಗಿ ಹಿತವಾಗುವುದು ನಿಜ. ಆದರೆ ಹೊದಿಕೆ ಬೆಳೆಯುವುದಿಲ್ಲ.

ಎಲ್ಲ ಕೀಲುನೋವೂ ಒಂದೇ ಅಲ್ಲವೆಂಬುದು ಎರಡನೆಯ ಮಾತು. ವಯಸ್ಸು, ತೂಕ, ದುಡಿಮೆ, ಹಳೆಯ ಪೆಟ್ಟು, ಮನೆತನದ ಗುಣ ಇವುಗಳಿಂದ ಬರುವ ಸವೆತದ ಸಂಧಿವಾತ ಒಂದು. ನಡೆದಾಗ ಇದರ ನೋವು ಹೆಚ್ಚು, ಕುಳಿತಾಗ ಕಡಿಮೆ. ಇನ್ನೊಂದು ರುಮಟಾಯ್ಡ್ ಎಂಬ ವಾತ. ನಮ್ಮ ಆಯುರ್ವೇದದವರು ಹೇಳುವ ಆಮವಾತವನ್ನು ಇದಕ್ಕೆ ಹೋಲಿಸುವುದುಂಟು. ಇದರಲ್ಲಿ ದೇಹದ ರಕ್ಷಣಾಶಕ್ತಿ ತನ್ನ ಕೀಲುಗಳ ಮೇಲೆಯೇ ತಿರುಗಿಬೀಳುತ್ತದೆ. ಎರಡೂ ಕೈಗಳ ಬೆರಳುಗಂಟುಗಳು ಊದುವುದು, ಬೆಳಗ್ಗೆ ಎದ್ದಾಗ ಒಂದು ಗಂಟೆಯಾದರೂ ಮೈ ಬಿಗಿದುಕೊಂಡಿರುವುದು ಇದರ ಗುರುತು. ಇದು ಎಳೆಯ ವಯಸ್ಸಿನವರಿಗೂ ಬರುತ್ತದೆ. ಇದನ್ನು ಮೊದಲ ತಿಂಗಳುಗಳಲ್ಲಿಯೇ ಗುರುತಿಸಿ ಔಷಧ ಹಿಡಿದರೆ ಕೀಲನ್ನು ಬಹುಮಟ್ಟಿಗೆ ಉಳಿಸಿಕೊಳ್ಳಬಹುದು; ತಡಮಾಡಿದರೆ ಕೊನೆಗೆ ಇಲ್ಲಿಯೂ ಶಸ್ತ್ರಚಿಕಿತ್ಸೆಯೇ ಗತಿಯಾದೀತು. ಜ್ವರದೊಡನೆ ಒಂದೇ ಕೀಲು ಕೆಂಪಾಗಿ, ಬಿಸಿಯಾಗಿ, ಮುಟ್ಟಗೊಡದಂತೆ ಊದಿದರೆ ಒಳಗೆ ಕೀವಾಗಿರಬಹುದು. ಆಗ ಒಂದು ದಿನವೂ ಕಾಯದೆ ಆಸ್ಪತ್ರೆಗೆ ಹೋಗಬೇಕು.

ನಮ್ಮ ನಾಡಿನಲ್ಲಿಯೇ ಬೇರೆ ಕಾರಣಗಳೂ ಇವೆ. ನಮ್ಮ ತುಮಕೂರು ಜಿಲ್ಲೆಯ ಪಾವಗಡದ ಕಡೆ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡು ಹೆಚ್ಚು. ಅಂಥ ನೀರನ್ನು ವರ್ಷಗಟ್ಟಲೆ ಕುಡಿದವರಿಗೆ ಮೂಳೆಯೂ ಬೆನ್ನೂ ಬಿಗಿದುಕೊಳ್ಳುತ್ತವೆ. ಅಲ್ಲಿ ಮೊದಲು ಬದಲಾಯಿಸಬೇಕಾದುದು ಕುಡಿಯುವ ನೀರನ್ನು. ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಹಂದಿಗೋಡಿನ ಹೆಸರನ್ನು ನೀವು ಕೇಳಿರಬಹುದು. 1970ರ ದಶಕದ ನಡುವಿನಲ್ಲಿ ಹೊರಜಗತ್ತಿನ ಗಮನಕ್ಕೆ ಬಂದ ಅಲ್ಲಿನ ಕಾಯಿಲೆ ವಂಶಪಾರಂಪರ್ಯವಾಗಿ ಇಳಿಯುವಂಥದು. ಬಡ ಕೂಲಿಕಾರ ಕುಟುಂಬಗಳ ಮಕ್ಕಳಲ್ಲಿ, ಯುವಕರಲ್ಲಿ ತೊಡೆಯ ಬುಡದ ಕೀಲುಗಳೂ ಮಂಡಿಗಳೂ ಕೆಟ್ಟು, ಕೆಲವರು ಬಾಗಿ ನಡೆದರೆ ಕೆಲವರು ತೆವಳುವ ಸ್ಥಿತಿಗೆ ಬಂದರು. ಇಂಥ ಎಳೆಯ ವಯಸ್ಸಿನವರಿಗೆ ಕೀಲು ಬದಲಾಯಿಸುವುದು ಸುಲಭದ ನಿರ್ಣಯವಲ್ಲ. ಏಕೆಂದರೆ ಮಾಡಿದ ಕೀಲಿಗೂ ಆಯುಷ್ಯದ ಮಿತಿಯಿದೆ. ಇಪ್ಪತ್ತೈದರಲ್ಲಿ ಹಾಕಿದ್ದು ಐವತ್ತರ ವೇಳೆಗೆ ಸವೆದೀತು. ಎರಡನೆಯ ಸಲದ ಶಸ್ತ್ರಚಿಕಿತ್ಸೆ ಮೊದಲನೆಯದಕ್ಕಿಂತ ಕಷ್ಟ. ಕೀಲುನೋವು ಮುದುಕರ ಕಾಯಿಲೆಯೆಂದು ಹಗುರವಾಗಿ ಆಡುವವರು ಹಂದಿಗೋಡನ್ನು ನೆನೆಯಬೇಕು.

ಈಗ ಆದೇಶದ ಚರಿತ್ರೆಗೆ ಬರೋಣ. ಕೆಟ್ಟ ಕೀಲಿಗೆ ಬೇರೊಂದನ್ನು ಹಾಕುವ ಯೋಚನೆ ಹೊಸದಲ್ಲ. ಜರ್ಮನಿಯ ಬರ್ಲಿನ್ನಿನಲ್ಲಿ ಥೆಮಿಸ್ಟೊಕ್ಲಿಸ್ ಗ್ಲುಕ್ ಎಂಬ ಶಸ್ತ್ರವೈದ್ಯರು 1890ರಲ್ಲಿಯೇ ದಂತದಲ್ಲಿ ಕಡೆದ ಮಂಡಿಯನ್ನು ರೋಗಿಗೆ ಜೋಡಿಸಿದ್ದರು. ಅವರ ರೋಗಿಗಳ ಕೀಲುಗಳು ಕ್ಷಯದಿಂದ ಕೆಟ್ಟವಾದ್ದರಿಂದ ಒಳಗಿನ ಸೋಂಕು ಉಳಿದು ಆ ಪ್ರಯತ್ನ ಬಾಳಲಿಲ್ಲ. ಅಮೆರಿಕದ ಬಾಸ್ಟನ್ನಿನಲ್ಲಿ ಸ್ಮಿತ್-ಪೀಟರ್ಸನ್ ಎಂಬವರು 1923ರಲ್ಲಿ ತೊಡೆಮೂಳೆಯ ತಲೆಗೆ ಗಾಜಿನ ಟೋಪಿ ತೊಡಿಸಿ ನೋಡಿದರು. ಗಾಜು ಒಡೆಯಿತು, 1938ರಲ್ಲಿ ಲೋಹದ ಟೋಪಿ ಬಂತು. ಏನನ್ನು ಹಾಕಿದರೆ ದೇಹ ಒಪ್ಪುತ್ತದೆ, ಯಾವುದು ಸವೆಯದೆ ಉಳಿಯುತ್ತದೆ ಎಂಬುದೇ ಎಲ್ಲರ ತಲೆನೋವು.

ಅದನ್ನು ಬಿಡಿಸಿದವರು ಇಂಗ್ಲೆಂಡಿನ ಜಾನ್ ಚಾರ್ನ್‌ಲಿ. ಲ್ಯಾಂಕಷೈರಿನ ರೈಟಿಂಗ್‌ಟನ್ ಎಂಬಲ್ಲಿನ ಆಸ್ಪತ್ರೆಯಲ್ಲಿ ಅವರು ಕೆಲಸ ಮಾಡುತ್ತಿದ್ದರು. ಹಿಂದೆ ಕೃತಕ ಕೀಲು ಹಾಕಿಸಿಕೊಂಡಿದ್ದ ರೋಗಿಯೊಬ್ಬನಿಗೆ ಮೈ ಅಲುಗಿದಾಗಲೆಲ್ಲ ಕೀಲಿನಿಂದ ಕಿರುಗುಟ್ಟುವ ಸದ್ದು ಬರುತ್ತಿತ್ತು. ಇತರರು ಅದನ್ನು ಕೇಳಿ ನಕ್ಕಿರಬಹುದು. ಚಾರ್ನ್‌ಲಿಯವರು ಅದನ್ನು ಕೇಳಿ ಯೋಚಿಸಿದರು. ಸದ್ದೆಂದರೆ ಘರ್ಷಣೆ, ಘರ್ಷಣೆಯಿದ್ದರೆ ಕೀಲು ಸಡಿಲವಾಗುತ್ತದೆ. ಆದುದರಿಂದ ಅವರು ಚಿಕ್ಕದಾದ ಉಕ್ಕಿನ ಗುಂಡನ್ನು, ಸುಮಾರು 22 ಮಿಲಿಮೀಟರ್ ಅಡ್ಡಗಲದ್ದು, ಜಾರುವ ಪ್ಲಾಸ್ಟಿಕ್ಕಿನ ಬಟ್ಟಲಿನಲ್ಲಿ ಕೂರಿಸಿದರು. ಮೊದಲು ಆರಿಸಿಕೊಂಡದ್ದು ಟೆಫ್ಲಾನ್. ಸುಮಾರು 300 ರೋಗಿಗಳಿಗೆ ಅದನ್ನು ಹಾಕಿದರು. ಎಲ್ಲರೂ ಎದ್ದು ನಡೆದರು. ಎರಡು ಮೂರು ವರ್ಷಗಳಲ್ಲಿ ಟೆಫ್ಲಾನ್ ಸವೆದು, ಅದರ ಪುಡಿ ಸುತ್ತಲಿನ ಮಾಂಸವನ್ನೂ ಮೂಳೆಯನ್ನೂ ಕೆಡಿಸತೊಡಗಿತು. ಹಾಕಿದ ಕೀಲುಗಳನ್ನು ಅವರೇ ತೆಗೆಯಬೇಕಾಯಿತು.

1962ರಲ್ಲಿ ಲ್ಯಾಂಕಷೈರಿನ ಮಗ್ಗಗಳ ಹಲ್ಲುಗಾಲಿಗೆ ಬಳಸುತ್ತಿದ್ದ ಪಾಲಿಥೀನ್ ಜಾತಿಯ ಗಟ್ಟಿ ಪ್ಲಾಸ್ಟಿಕ್ಕಿನ ತುಂಡೊಂದನ್ನು ಮಾರಾಟಗಾರನೊಬ್ಬ ಆಸ್ಪತ್ರೆಯ ಕಾರ್ಯಾಗಾರಕ್ಕೆ ತಂದ. ಚಾರ್ನ್‌ಲಿಯವರಿಗೆ ಅದರಲ್ಲಿ ನಂಬಿಕೆ ಬರಲಿಲ್ಲ. ಅವರ ಕುಶಲಕರ್ಮಿ ಹ್ಯಾರಿ ಕ್ರೇವನ್, ಯಜಮಾನರು ಪರಊರಿಗೆ ಹೋದಾಗ ಆ ತುಂಡನ್ನು ಸವೆತ ಅಳೆಯುವ ಯಂತ್ರಕ್ಕೆ ಹಾಕಿಬಿಟ್ಟರು. ಟೆಫ್ಲಾನ್ ಒಂದು ದಿನದಲ್ಲಿ ಸವೆಯುವಷ್ಟು ಅದು ಮೂರು ವಾರಗಳಲ್ಲಿಯೂ ಸವೆದಿರಲಿಲ್ಲ. ಹೀಗಿದ್ದರೂ ಒಮ್ಮೆ ಸುಟ್ಟುಕೊಂಡಿದ್ದ ಚಾರ್ನ್‌ಲಿಯವರು, ಆ ವಸ್ತುವಿನ ಚೂರನ್ನು ತಮ್ಮ ತೊಡೆಯಲ್ಲಿಯೇ ಹುದುಗಿಸಿಕೊಂಡು ದೇಹ ಅದನ್ನು ಒಪ್ಪುವುದೋ ಇಲ್ಲವೋ ಎಂದು ಪರೀಕ್ಷಿಸಿದರು. 1962ರ ನವೆಂಬರಿನಿಂದ ಈ ಹೊಸ ಬಟ್ಟಲು ಬಳಕೆಗೆ ಬಂತು. ಮೂಳೆಗೂ ಲೋಹಕ್ಕೂ ನಡುವಿನ ಸಂದನ್ನು ತುಂಬಲು ಅವರು ದಂತವೈದ್ಯರು ಕಟ್ಟುಹಲ್ಲಿಗೆ ಬಳಸುತ್ತಿದ್ದ ವಸ್ತುವನ್ನೇ ತಂದರು. ಅದು ಅಂಟಲ್ಲ, ಕಲ್ಲಿನ ಸಂದಿಗೆ ತುಂಬುವ ಗಾರೆಯಂತೆ ಎಂದು ತಿಳಿಯಬೇಕು. ಇಂದಿಗೂ ಆ ಕ್ರಮವೇ ಅಡಿಪಾಯ.

ಮಂಡಿಯ ಸರದಿ ಇದಾದ ಮೇಲೆ ಬಂತು. ಮಂಡಿ ಬರಿಯ ಬಾಗಿಲ ತಿರುಗಣಿಯಲ್ಲ. ಮಡಿಸುವಾಗ ಅದು ಉರುಳುತ್ತದೆ, ಜಾರುತ್ತದೆ, ಸ್ವಲ್ಪ ತಿರುಚುತ್ತದೆ. ತಿರುಗಣಿಯಂತೆ ಮಾಡಿದ ಮೊದಲಿನ ಮಂಡಿಗಳು ಅದಕ್ಕಾಗಿಯೇ ಸಡಿಲವಾದವು. 1970ರ ದಶಕದ ಮೊದಲಲ್ಲಿ ನ್ಯೂಯಾರ್ಕಿನ ಆಸ್ಪತ್ರೆಯೊಂದರಲ್ಲಿ ಜಾನ್ ಇನ್‌ಸಾಲ್ ಮತ್ತು ಅವರ ಜೊತೆಗಾರರು, ಮೂಳೆಯ ಸ್ವಾಭಾವಿಕ ಆಕಾರವನ್ನೇ ಅನುಸರಿಸುವ ಹೊದಿಕೆಗಳನ್ನು ರೂಪಿಸಿದರು. ಆ ಜೊತೆಗಾರರಲ್ಲಿ ಮಧ್ಯಪ್ರದೇಶದಿಂದ ಹೋದ ಚಿತ್ತರಂಜನ್ ರಾಣಾವತ್ ಒಬ್ಬರು. 2000ದ ಅಕ್ಟೋಬರಿನಲ್ಲಿ ಅಂದಿನ ಪ್ರಧಾನಮಂತ್ರಿ ಅಟಲ್ ಬಿಹಾರಿ ವಾಜಪೇಯಿಯವರ ಎಡಮಂಡಿಗೆ, 2001ರ ಜೂನಿನಲ್ಲಿ ಬಲಮಂಡಿಗೆ ಮುಂಬಯಿಯ ಬ್ರೀಚ್ ಕ್ಯಾಂಡಿ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ಮಾಡಿದವರು ಇವರೇ. ದೇಶದ ಪ್ರಧಾನಿ ಮಾಡಿಸಿಕೊಂಡರೆಂಬ ಸುದ್ದಿಯಿಂದ ಎಷ್ಟೋ ಮನೆಗಳಲ್ಲಿ ಈ ವಿಷಯದ ಮಾತು ಮೊದಲಾಯಿತು.

ಮಂಡಿಯ ಶಸ್ತ್ರಚಿಕಿತ್ಸೆಯಲ್ಲಿ ನಡೆಯುವುದಿಷ್ಟು. ಹೆಚ್ಚಾಗಿ ಬೆನ್ನಿಗೆ ಚುಚ್ಚುಮದ್ದು ಕೊಟ್ಟು ಸೊಂಟದಿಂದ ಕೆಳಗೆ ಅರಿವಿಲ್ಲದಂತೆ ಮಾಡುತ್ತಾರೆ. ಮಂಡಿಯ ಮುಂಭಾಗವನ್ನು ಬಿಡಿಸಿ, ತೊಡೆಮೂಳೆಯ ತುದಿಯಿಂದಲೂ ಕಾಲಿನ ಮೂಳೆಯ ತಲೆಯಿಂದಲೂ ಸುಮಾರು ಒಂದು ಸೆಂಟಿಮೀಟರಿನಷ್ಟು ಸವೆದ ಪದರವನ್ನು ಅಳತೆಯಿಟ್ಟು ಕೊಯ್ದು ತೆಗೆಯುತ್ತಾರೆ. ಮೇಲಿನ ಮೂಳೆಗೆ ಲೋಹದ ಕವಚ, ಕೆಳಗಿನದಕ್ಕೆ ಲೋಹದ ತಟ್ಟೆ, ನಡುವೆ ಪ್ಲಾಸ್ಟಿಕ್ಕಿನ ಮಣೆ. ಸುತ್ತಲಿನ ಸ್ನಾಯುಗಳು, ಪಕ್ಕದ ಬಂಧನಗಳು, ನರಗಳು, ಚರ್ಮ ಎಲ್ಲವೂ ನಿಮ್ಮವೇ. ಒಂದೆರಡು ಗಂಟೆಯ ಕೆಲಸ. ಕಾಲನ್ನು ಕತ್ತರಿಸುವ ಮಾತೇ ಇಲ್ಲ. ಹೊಸ ಹೊದಿಕೆ ತಾನಾಗಿ ನಡೆಯಲಾರದು. ಅದನ್ನು ನಡೆಸಬೇಕಾದುದು ನಿಮ್ಮ ಹಳೆಯ ಸ್ನಾಯುವೇ. ಈ ಒಂದು ಮಾತನ್ನು ಗಟ್ಟಿಯಾಗಿ ಹಿಡಿದರೆ ಮುಂದಿನದೆಲ್ಲ ಸುಲಭವಾಗಿ ತಿಳಿಯುತ್ತದೆ.

ಹಾಗಾದರೆ ಯಾರಿಗೆ ಬೇಕು? ಎಕ್ಸ್‌ರೇ ಪಟವೊಂದೇ ಇದಕ್ಕೆ ಉತ್ತರ ಹೇಳದು. ಪಟದಲ್ಲಿ ಬಹಳ ಸವೆದ ಮಂಡಿಯವರು ಆರಾಮವಾಗಿ ಓಡಾಡುವುದುಂಟು. ಸ್ವಲ್ಪವೇ ಸವೆದವರು ನರಳುವುದುಂಟು. ಆದಕಾರಣ ಈ ಪ್ರಶ್ನೆಗಳನ್ನು ನಿಮಗೆ ನೀವೇ ಕೇಳಿಕೊಳ್ಳಿ. ರಾತ್ರಿ ನೋವಿನಿಂದ ನಿದ್ದೆ ಕೆಡುತ್ತಿದೆಯೆ? ಪಕ್ಕದ ಬೀದಿಯ ಅಂಗಡಿಗೆ ಹೋಗಿಬರಲು ಆಗುತ್ತಿದೆಯೆ? ಶೌಚಕ್ಕೆ, ಸ್ನಾನಕ್ಕೆ ಮತ್ತೊಬ್ಬರ ಕೈ ಬೇಕೆ? ಕಾಲು ಬಿಲ್ಲಿನಂತೆ ಬಾಗುತ್ತಿದೆಯೆ? ನೋವಿನ ಗುಳಿಗೆಯಿಲ್ಲದೆ ದಿನ ಕಳೆಯುವುದಿಲ್ಲವೆ? ಕೆಲವು ತಿಂಗಳು ಸರಿಯಾದ ವ್ಯಾಯಾಮ, ತೂಕದ ಇಳಿತ, ಔಷಧ ಎಲ್ಲ ಮಾಡಿದಮೇಲೂ ಉತ್ತರ ಹೀಗೆಯೇ ಇದ್ದರೆ, ಪಟವೂ ಅದಕ್ಕೆ ಸಾಕ್ಷಿ ನುಡಿದರೆ, ಶಸ್ತ್ರವೈದ್ಯರನ್ನು ಕಾಣುವ ಕಾಲ ಬಂದಿದೆ.

ಆ ಕೆಲವು ತಿಂಗಳುಗಳ ಪ್ರಯತ್ನವನ್ನು ಮಾತ್ರ ಯಾರೂ ಬಿಡಬಾರದು. ಕುರ್ಚಿಯ ಮೇಲೆ ಕುಳಿತು ಕಾಲನ್ನು ನೇರವಾಗಿ ಎತ್ತಿ ಹತ್ತು ಎಣಿಸುವವರೆಗೆ ಹಿಡಿದು ಇಳಿಸುವುದು, ದಿನಕ್ಕೆ ಎರಡು ಮೂರು ಸರದಿ. ಇಷ್ಟರಿಂದಲೇ ತೊಡೆಯ ಮುಂದಿನ ಸ್ನಾಯು ಬಲಗೊಂಡು ಮಂಡಿಯ ಹೊರೆಯನ್ನು ಹಂಚಿಕೊಳ್ಳುತ್ತದೆ. ದೇಹದ ತೂಕ 1 ಕಿಲೊ ಇಳಿದರೆ ಪ್ರತಿ ಹೆಜ್ಜೆಯಲ್ಲಿ ಮಂಡಿಯ ಮೇಲಿನ ಹೊರೆ ಸುಮಾರು 4 ಕಿಲೊ ಇಳಿಯುತ್ತದೆಂದು ಲೆಕ್ಕ ಹಾಕಿದ್ದಾರೆ. ಊರುಗೋಲನ್ನು ನೋವಿರುವ ಕಾಲಿನ ಕಡೆಗಲ್ಲ, ಎದುರು ಕೈಯಲ್ಲಿ ಹಿಡಿಯಬೇಕು. ನೋವಿನ ಗುಳಿಗೆಗಳನ್ನು ಅಂಗಡಿಯಿಂದ ತಂದು ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆಯೂ ಮೂತ್ರಪಿಂಡವೂ ಕೆಡುತ್ತವೆ. ಹೆಸರಿಲ್ಲದ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆತಿದ್ದರೆ ಮೊದಲು ಮಂತ್ರದಂತೆ ನೋವು ಹೋಗುತ್ತದೆ. ಅದನ್ನು ಬಹುಕಾಲ ತಿಂದರೆ ತೊಡೆಮೂಳೆಯ ತಲೆಗೆ ರಕ್ತ ಹರಿಯುವುದು ನಿಂತು ಆ ಮೂಳೆಯೇ ಕುಸಿಯಬಹುದು.

ಇನ್ನು ಬಹುಕಾಲ ತಡಮಾಡಿದರೆ ಆಗುವ ಕೇಡು ಬೇರೆ ಬಗೆಯದು. ವರ್ಷಗಟ್ಟಲೆ ಕುಳಿತೇ ಇದ್ದವರ ಸ್ನಾಯು ಸೊರಗುತ್ತದೆ, ಮಂಡಿ ಮಡಿಸಿದಂತೆಯೇ ಬಿಗಿಯುತ್ತದೆ, ತೂಕ ಏರುತ್ತದೆ, ಸಕ್ಕರೆ ಕಾಯಿಲೆಯೂ ಹತೋಟಿ ತಪ್ಪುತ್ತದೆ. ಅಂಥವರಿಗೆ ಹೊಸ ಹೊದಿಕೆ ಹಾಕಿದರೂ ಅದನ್ನು ನಡೆಸುವ ಬಲ ಉಳಿದಿರುವುದಿಲ್ಲ. ಎಪ್ಪತ್ತಾಯಿತು, ಎಂಬತ್ತಾಯಿತು ಎಂಬುದೇ ಅಡ್ಡಿಯಲ್ಲ. ಹೃದಯ, ಶ್ವಾಸಕೋಶ, ರಕ್ತದ ಸಕ್ಕರೆ ಇವುಗಳ ಸ್ಥಿತಿಯನ್ನು ನೋಡಿ ವೈದ್ಯರು ತೀರ್ಮಾನಿಸುತ್ತಾರೆ.

ಶಸ್ತ್ರಚಿಕಿತ್ಸೆಯಿಂದ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಎಂಬುದನ್ನು ಮೊದಲೇ ತಿಳಿದಿರಬೇಕು. ನೋವು ಬಹಳ ಮಟ್ಟಿಗೆ ಇಳಿಯುತ್ತದೆ, ಬಾಗಿದ ಕಾಲು ನೆಟ್ಟಗಾಗುತ್ತದೆ, ನಡಿಗೆ ಮರಳುತ್ತದೆ. ಆದರೆ ಹದಿನೆಂಟರ ಮಂಡಿ ಮರಳುವುದಿಲ್ಲ. ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಪಂಕ್ತಿಯಲ್ಲಿ ಕೂರುವುದು, ಕುಕ್ಕರುಗಾಲಿನ ಶೌಚ, ಮಂಡಿಯೂರಿ ನೆಲ ಸಾರಿಸುವುದು ಇವನ್ನೆಲ್ಲ ಬಿಡಬೇಕೆಂದೇ ಬಹುಮಂದಿ ವೈದ್ಯರು ಹೇಳುತ್ತಾರೆ. ಪೂಜೆಗೆ ಮಣೆಯ ಬದಲು ಕುರ್ಚಿ ಬರಬೇಕು. ಬಚ್ಚಲಿನಲ್ಲಿ ಕೂರುವ ಕಮೋಡು ಹಾಕಿಸಬೇಕು, ಗೋಡೆಗೆ ಹಿಡಿಕೆ ಬಿಗಿಸಬೇಕು. ದೇವರ ಮುಂದೆ ಕುರ್ಚಿಯ ಮೇಲೆ ಕೂರುವುದು ಹೇಗೆಂದು ಸಂಕೋಚಪಡುವ ಹಿರಿಯರಿದ್ದಾರೆ. ದೇವಸ್ಥಾನದವರೆಗೆ ನಡೆದು ಹೋಗಲಾರದೆ ಮನೆಯಲ್ಲಿ ಉಳಿಯುವುದಕ್ಕಿಂತ, ನಡೆದು ಹೋಗಿ ಕುರ್ಚಿಯಲ್ಲಿ ಕೂರುವುದು ಲೇಸಲ್ಲವೆ?

ಅಪಾಯಗಳನ್ನೂ ಮುಚ್ಚಿಡಬಾರದು. ನೂರರಲ್ಲಿ ಸುಮಾರು ಒಬ್ಬರಿಗೆ ಒಳಗೆ ಸೋಂಕು ತಗಲಬಹುದು. ತಗಲಿದರೆ ಅದು ದೀರ್ಘವಾದ ಕಷ್ಟ. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಬಹುದು. ಅದನ್ನು ತಡೆಯಲೆಂದೇ ಔಷಧ ಕೊಟ್ಟು ಬೇಗ ನಡೆಸುತ್ತಾರೆ. ಮಂಡಿ ಬದಲಾಯಿಸಿಕೊಂಡವರಲ್ಲಿ ಹತ್ತರಲ್ಲಿ ಒಬ್ಬಿಬ್ಬರಿಗೆ ನಿರೀಕ್ಷಿಸಿದಷ್ಟು ನೆಮ್ಮದಿ ಸಿಗುವುದಿಲ್ಲ. ಬಾಳಿಕೆಯ ವಿಷಯಕ್ಕೆ ಬಂದರೆ, ಹೊರದೇಶಗಳ ದಾಖಲೆಗಳನ್ನು ಕೂಡಿಸಿ 2019ರಲ್ಲಿ ಲ್ಯಾನ್ಸೆಟ್ ವೈದ್ಯಪತ್ರಿಕೆ ಪ್ರಕಟಿಸಿದ ಲೆಕ್ಕ ಹೀಗಿದೆ: ಪೂರ್ಣ ಬದಲಾಯಿಸಿದ ಮಂಡಿಗಳಲ್ಲಿ ನೂರಕ್ಕೆ ಸುಮಾರು 82, ತೊಡೆಯ ಬುಡದ ಕೀಲುಗಳಲ್ಲಿ ನೂರಕ್ಕೆ ಸುಮಾರು 58, 25 ವರ್ಷಗಳವರೆಗೆ ಉಳಿಯುತ್ತವೆ. ಅರವತ್ತೈದರಲ್ಲಿ ಮಾಡಿಸಿಕೊಂಡ ಮಂಡಿ ಬಹುಮಂದಿಗೆ ಆಯುಷ್ಯ ಪೂರ್ತಿ ಸಾಕಾದೀತೆಂದು ಇದರಿಂದ ತಿಳಿಯಬಹುದು.

ಮುಂಚಿನ ಸಿದ್ಧತೆಯೂ ಆಮೇಲಿನ ಅಭ್ಯಾಸವೂ ಶಸ್ತ್ರವೈದ್ಯರ ಕೈಚಳಕದಷ್ಟೇ ಮುಖ್ಯ. ರಕ್ತದ ಸಕ್ಕರೆ ಹತೋಟಿಗೆ ಬರಬೇಕು. ಹುಳುಕು ಹಲ್ಲು, ಮೂತ್ರದ ಸೋಂಕು, ಕಾಲಿನ ಹುಣ್ಣು, ಹಿಮ್ಮಡಿಯ ಬಿರುಕು ಇವನ್ನು ಮೊದಲು ವಾಸಿಮಾಡಿಕೊಳ್ಳಬೇಕು. ಸೋಂಕು ಇಂಥ ಕಡೆಯಿಂದಲೇ ಹೊಸ ಕೀಲಿಗೆ ದಾರಿ ಹುಡುಕುತ್ತದೆ. ಬೀಡಿ, ಸಿಗರೇಟು, ಹೊಗೆಸೊಪ್ಪು ಬಿಡಬೇಕು. ಶಸ್ತ್ರಚಿಕಿತ್ಸೆಯ ದಿನವೋ ಮರುದಿನವೋ ರೋಗಿಯನ್ನು ಎಬ್ಬಿಸಿ ನಿಲ್ಲಿಸುತ್ತಾರೆ. "ಪಾಪ, ಮಲಗಿರಲಿ ಬಿಡಿ" ಎಂದು ಅಡ್ಡಬರುವ ನೆಂಟರು ಉಪಕಾರವಲ್ಲ, ಅಪಕಾರ ಮಾಡುತ್ತಾರೆ. ಮೊದಲ ಆರು ವಾರ ದಿನವೂ ಮಂಡಿಯನ್ನು ಪೂರ್ತಿ ಚಾಚುವ, ಮಡಿಸುವ ಅಭ್ಯಾಸ ನಡೆಯಬೇಕು. ನೋಯುತ್ತದೆಂದು ದಿಂಬಿಟ್ಟು ಮಂಡಿ ಮಡಿಸಿಕೊಂಡೇ ಮಲಗಿದವರ ಕೀಲು ಹಾಗೆಯೇ ಬಿಗಿಯುತ್ತದೆ. ಮೊದಲ ಕೆಲವು ವಾರ ಊರುಗೋಲು ಬೇಕು. ಬಾವು ಪೂರ್ತಿ ಇಳಿಯಲು ತಿಂಗಳುಗಳಾಗುತ್ತವೆ. ಪೂರ್ಣ ಫಲ ತಿಳಿಯಲು ಆರು ತಿಂಗಳಿಂದ ಒಂದು ವರ್ಷ. ತಿಪಟೂರಿನಿಂದಲೋ ತುಮಕೂರಿನಿಂದಲೋ ಮನೆಗೆ ಬಂದಮೇಲೆ ಅಭ್ಯಾಸ ಮಾಡಿಸುವವರು ಯಾರು ಎಂಬುದನ್ನು ಆಸ್ಪತ್ರೆಗೆ ಹೋಗುವ ಮೊದಲೇ ಗೊತ್ತುಮಾಡಿಕೊಳ್ಳುವುದು ಜಾಣತನ.

ಕೊನೆಗೆ ಹಣದ ಮಾತು. ಒಂದು ಕಾಲದಲ್ಲಿ ಮಂಡಿಗೆ ಹಾಕುವ ಲೋಹದ ಸಾಮಾನಿಗೆ ಮನಬಂದಂತೆ ಬೆಲೆ ಹಿಡಿಯುತ್ತಿದ್ದರು. 2017ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರದ ಔಷಧ ಬೆಲೆ ಪ್ರಾಧಿಕಾರ ಅದಕ್ಕೆ ಮಿತಿ ಹಾಕಿತು. ಸಾಮಾನ್ಯವಾಗಿ ಬಳಸುವ ಕೋಬಾಲ್ಟ್ ಕ್ರೋಮಿಯಂ ಜೋಡಣೆಗೆ ಆಗ ಗೊತ್ತುಮಾಡಿದ ಬೆಲೆ, ತೆರಿಗೆ ಬಿಟ್ಟು, 54,720 ರೂಪಾಯಿ. ಸಾಮಾನಿನ ಬೆಲೆಯನ್ನೂ ತಯಾರಕರ ಹೆಸರನ್ನೂ ಬಿಲ್ಲಿನಲ್ಲಿ ಪ್ರತ್ಯೇಕವಾಗಿ ಬರೆಯಬೇಕೆಂದೂ ಆ ಆಜ್ಞೆಯಲ್ಲಿದೆ. ಕೇಳಿ ಪಡೆದುಕೊಳ್ಳಿ, ಜೋಪಾನವಾಗಿಡಿ. ಆಸ್ಪತ್ರೆಯ ಕೊಠಡಿ, ವೈದ್ಯರ ಶುಲ್ಕ, ಔಷಧ ಇವೆಲ್ಲ ಬೇರೆ. 2018ರಲ್ಲಿ ಬಂದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಡತನದ ರೇಖೆಗಿಂತ ಕೆಳಗಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗಿನ ಚಿಕಿತ್ಸೆಯ ಅವಕಾಶವುಂಟು. ಯಾವ ಚಿಕಿತ್ಸೆ ಯಾವ ಆಸ್ಪತ್ರೆಯಲ್ಲಿ ದೊರೆಯುತ್ತದೆಂಬುದನ್ನು ಸರ್ಕಾರಿ ಆಸ್ಪತ್ರೆಯಲ್ಲಿರುವ ಆರೋಗ್ಯಮಿತ್ರರನ್ನು ಕೇಳಿ ತಿಳಿಯಬೇಕು. ಹಾಗೆ ಕೇಳಲು ಹೋಗುವಾಗ ಪಡಿತರ ಚೀಟಿಯನ್ನೂ ಆಧಾರ್ ಕಾರ್ಡನ್ನೂ ಮರೆಯಬೇಡಿ. ಬೆಂಗಳೂರಿನ ಜಯನಗರದಲ್ಲಿರುವ ಸಂಜಯ್ ಗಾಂಧಿ ಅಪಘಾತ ಮತ್ತು ಮೂಳೆ ಚಿಕಿತ್ಸಾ ಸಂಸ್ಥೆ ಮೂಳೆಗಳಿಗೆಂದೇ ಇರುವ ಸರ್ಕಾರಿ ಸಂಸ್ಥೆ. ತೋಟ ಅಡವಿಡುವ ಮೊದಲು ಈ ಬಾಗಿಲುಗಳನ್ನು ತಟ್ಟಿ ನೋಡಿ.

ಓದುಗರಾದ ನೀವು ಮನೆಯ ಯಜಮಾನರಿರಬಹುದು, ಸೊಸೆಯಿರಬಹುದು, ಮೊಮ್ಮಗನಿರಬಹುದು. ತಾಯಂದಿರು ತಮ್ಮ ನೋವನ್ನು ತಾವಾಗಿ ಹೇಳುವುದು ಕಡಿಮೆ. ಖರ್ಚಾದೀತೆಂಬ ಅಂಜಿಕೆ, ಮನೆಗೆಲಸ ನಿಂತೀತೆಂಬ ಯೋಚನೆ, ಈ ವಯಸ್ಸಿನಲ್ಲಿ ತನಗೇಕೆಂಬ ನಾಚಿಕೆ ಅವರ ಬಾಯಿ ಕಟ್ಟುತ್ತವೆ. ಮುಂದಿನ ಹಬ್ಬಕ್ಕೋ ಮದುವೆಗೋ ಎಲ್ಲರೂ ಹೊರಟು ನಿಂತಾಗ ಅಮ್ಮನೋ ಅಜ್ಜಿಯೋ, "ನೀವು ಹೋಗಿಬನ್ನಿ, ನಾನು ಮನೆ ನೋಡಿಕೊಂಡಿರುತ್ತೇನೆ" ಎಂದರೆ, ಆ ಮಾತನ್ನು ಹಾಗೆಯೇ ಒಪ್ಪಿ ಹೊರಡಬೇಡಿ. ಎರಡು ನಿಮಿಷ ಪಕ್ಕದಲ್ಲಿ ಕುಳಿತು, ಬರಲು ಮನಸ್ಸಿಲ್ಲವೋ ಮಂಡಿ ಬಿಡುತ್ತಿಲ್ಲವೋ ಎಂದು ಕೇಳಿ.